ಬಾಲಿಯ ಬಾತೂರ್ ಹತ್ತಬಹುದಾ? ಅತ್ತೆ, ಮಗ, ಅಸ್ತಮಾ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದು ಉತ್ತರ

ಪ್ರಶ್ನೆ: ದಸರಾ ರಜೆಗೆ ಮನೆಮಂದಿ ಎಲ್ಲ ಬಾಲಿಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, 11 ವರ್ಷದ ಮಗ, 68 ವರ್ಷದ ಅತ್ತೆ. ಏಜೆಂಟರು ಕೊಟ್ಟ ಪಟ್ಟಿಯಲ್ಲಿ ಬಾತೂರ್ ಜ್ವಾಲಾಮುಖಿಯ ಸೂರ್ಯೋದಯದ ಚಾರಣ ಇದೆ. ಒಂದು ರಾತ್ರಿ ಜಾಸ್ತಿ ಕೊಟ್ಟರೆ ಇಜೆನ್‌ನ ನೀಲಿ ಬೆಂಕಿಯನ್ನೂ ತೋರಿಸುತ್ತಾರಂತೆ. "ನೂರಕ್ಕೆ ನೂರು ಸೇಫ್ ಮೇಡಂ" ಅನ್ನುತ್ತಾರೆ. ಮಗನಿಗೆ ಕೆಂಪು ಲಾವಾ ನೋಡಲೇಬೇಕಂತೆ, ಒಂದು ಲಾವಾ ಕಲ್ಲು ಮನೆಗೂ ತರಬೇಕಂತೆ. ನನಗೆ ಅಸ್ತಮಾ ಇದೆ, ಇನ್‌ಹೇಲರ್ ಬಳಸುತ್ತೇನೆ. ಕೊಡಚಾದ್ರಿಗೆಲ್ಲ ಹೋಗಿ ಬಂದವರು ನಾವು. ಹೋಗಬಹುದಾ, ಬೇಡವಾ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ:

ಚುಟುಕಾಗಿ ಮೊದಲೇ ಹೇಳಿಬಿಡುತ್ತೇನೆ. ಬಾತೂರ್‌ಗೆ ಹೋಗಿ. ಯಜಮಾನರೂ ಮಗನೂ ಹತ್ತಲಿ. ಅವತ್ತು ಉಸಿರಾಟ ಸರಿಯಿದ್ದರೆ ನೀವೂ ಹತ್ತಬಹುದು. ಅತ್ತೆಯವರು ಎದುರಿನ ದಿಣ್ಣೆಯ ಮೇಲೆ ಕೂತು ನೋಡಲಿ. ನಿಜ ಹೇಳಬೇಕೆಂದರೆ ನೋಟ ಅಲ್ಲಿಂದಲೇ ಚೆಂದ. ಇಜೆನ್ ಈ ಸಲ ಬೇಡ. ಕೆಂಪು ಲಾವಾ ಬಾಲಿಯಲ್ಲಿ ನೋಡಲು ಸಿಗುವುದಿಲ್ಲ. ಮಗನಿಗೆ ಇಲ್ಲೇ ಹೇಳಿಬಿಡಿ, ಅಲ್ಲಿ ಹೋಗಿ ಮುಖ ಊದಿಸಿಕೊಳ್ಳುವುದು ತಪ್ಪುತ್ತದೆ.

ಇನ್ನು ಏಜೆಂಟರ "ನೂರಕ್ಕೆ ನೂರು ಸೇಫ್". ಹೋಟೆಲ್ ರೂಮಿನ ಬಗ್ಗೆ ಹಾಗೆ ಹೇಳಿದರೆ ನಂಬಿ. ಬೆಟ್ಟದ ಬಗ್ಗೆ ಹೇಳಿದರೆ ಸುಮ್ನೆ ನಕ್ಕುಬಿಡಿ. ಜೀವಂತ ಜ್ವಾಲಾಮುಖಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಎರಡೇ. ಇವತ್ತು ಬೆಟ್ಟ ಏನು ಮಾಡುತ್ತಿದೆ? ಅದರ ಬಾಯಿಯ ಹತ್ತಿರ ನಾವು ಎಷ್ಟು ಹೊತ್ತು ಇರುತ್ತೇವೆ? ಮೊದಲನೆಯದಕ್ಕೆ ಉತ್ತರ ಕೊಡಲು ಇಂಡೋನೇಷ್ಯಾ ಸರ್ಕಾರದ ಸಂಸ್ಥೆಯೇ ಇದೆ. ಎರಡನೆಯದು ಪೂರ್ತಿ ನಿಮ್ಮ ಕೈಯಲ್ಲಿದೆ. ನಿಮ್ಮ ಮನೆಯ ನಾಲ್ಕು ಜನಕ್ಕೆ ನಾನು ಬೇರೆ ಬೇರೆ ಸಲಹೆ ಕೊಡುತ್ತಿರುವುದೂ ಇದೇ ಎರಡನೇ ಪ್ರಶ್ನೆಯಿಂದ.

ಜಾಗ ಹೇಗಿದೆ ಅಂತ ಮೊದಲು ಗೊತ್ತಿರಲಿ. ಬಹಳ ಹಿಂದೆ ಅಲ್ಲಿ ಈಗಿನದಕ್ಕಿಂತ ಎಷ್ಟೋ ದೊಡ್ಡ ಬೆಟ್ಟವಿತ್ತು. ಸುಮಾರು 29,000 ವರ್ಷಗಳ ಹಿಂದೆ ಒಮ್ಮೆ, 20,000 ವರ್ಷಗಳ ಹಿಂದೆ ಇನ್ನೊಮ್ಮೆ ಅದು ಭಯಂಕರವಾಗಿ ಸ್ಫೋಟಿಸಿತು. ಒಳಗಿದ್ದ ಕರಗಿದ ಕಲ್ಲು ಹೊರಗೆ ಹೋದ ಮೇಲೆ ಕೆಳಗೆ ಆಸರೆ ಇಲ್ಲದೆ ಬೆಟ್ಟವೇ ಕುಸಿದು ಕೂತಿತು. ಹಾಗೆ ಆದ ದೈತ್ಯ ಕುಳಿಗೆ ಕ್ಯಾಲ್ಡೆರಾ ಅನ್ನುತ್ತಾರೆ. ಹೊರಗಿನ ಕುಳಿಯ ಉದ್ದ 13 ಕಿಲೋಮೀಟರ್ ದಾಟುತ್ತದೆ, ಅಗಲ 10. ಅದರೊಳಗೆ ಇನ್ನೊಂದು ಕುಳಿ, ಏಳೂವರೆ ಕಿಲೋಮೀಟರ್‌ನಷ್ಟು. ಒಂದು ಬದಿಗೆ ಅರ್ಧಚಂದ್ರದ ಆಕಾರದ ಕೆರೆ. ನಡುವೆ ಆಮೇಲೆ ಬೆಳೆದ ಬೆಟ್ಟವೇ ಎಲ್ಲರೂ ಹತ್ತುವ ಬಾತೂರ್. ಎತ್ತರ 1,717 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 200 ಮೀಟರ್ ಗಿಡ್ಡ. ಕೆರೆಯ ದಂಡೆಯೇ ಸಮುದ್ರಮಟ್ಟದಿಂದ 1,000 ಮೀಟರ್ ಮೇಲಿದೆ. ಹಾಗಾಗಿ ನೀವು ಹತ್ತುವುದು 600ರಿಂದ 700 ಮೀಟರ್ ಅಷ್ಟೇ.

ಇದರಿಂದ ಒಂದು ತಮಾಷೆಯೂ ಆಗುತ್ತದೆ. "ನಾನು ಜ್ವಾಲಾಮುಖಿ ಹತ್ತೋದಿಲ್ಲಪ್ಪ, ಕೆಳಗೆ ಕೆರೆ ದಂಡೆಯಲ್ಲೇ ಇರ್ತೀನಿ" ಅನ್ನುವವರು ಜ್ವಾಲಾಮುಖಿಯ ಒಳಗೇ ಕೂತಿರುತ್ತಾರೆ. ಊರು, ಹೋಟೆಲು, ಬಿಸಿನೀರಿನ ಕೊಳ, ಈರುಳ್ಳಿ–ಟೊಮ್ಯಾಟೊ ಹೊಲ, ಎಲ್ಲವೂ ಆ ಕುಳಿಯೊಳಗೇ ಇವೆ. ಕರಿ ಲಾವಾ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ತರಕಾರಿ ಸಾಲು ಶುರು.

ಬಾತೂರ್ ಸತ್ತ ಬೆಟ್ಟವಲ್ಲ. 1804ರಿಂದ ಈಚೆಗೆ ಇಪ್ಪತ್ತಕ್ಕೂ ಹೆಚ್ಚು ಸಲ ಅದು ಉಗುಳಿದ ದಾಖಲೆ ಇದೆ. ಕೊನೆಯದು 2000ದಲ್ಲಿ. 1917ರಲ್ಲಿ ಲಾವಾ ಊರಿನ ದೇವಸ್ಥಾನದ ಬುಡದವರೆಗೆ ಬಂದು ನಿಂತಿತು. ಜನ ಅದನ್ನು ಶುಭಶಕುನ ಅಂದುಕೊಂಡು ಅಲ್ಲೇ ಉಳಿದರು. 1926ರಲ್ಲಿ ಇನ್ನೊಂದು ಲಾವಾ ಬಂತು. ಈ ಸಲ ಊರನ್ನೂ ದೇವಸ್ಥಾನವನ್ನೂ ನುಂಗಿತು. ಆಮೇಲೆ ಊರವರು ಕ್ಯಾಲ್ಡೆರಾದ ಅಂಚಿಗೆ ಬಂದು ಅಲ್ಲಿ ಹೊಸದಾಗಿ ದೇವಸ್ಥಾನ ಕಟ್ಟಿದರು. ಅದೇ ಈಗಿನ ಪುರಾ ಉಲುನ್ ದನು ಬಾತೂರ್. ಕೆರೆಯ ದೇವತೆ 'ದೇವಿ ದನು'ವಿನ ಗುಡಿ. ಬಾಲಿಯ ಗದ್ದೆಗಳಿಗೆ ನೀರು ಹಂಚುವ ಸುಬಾಕ್ ವ್ಯವಸ್ಥೆಯವರು ಇಂದಿಗೂ ಈ ದೇವಸ್ಥಾನಕ್ಕೆ ನಡೆದುಕೊಳ್ಳುತ್ತಾರೆ. ಅತ್ತೆಯವರಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಾ? ಸೊಂಟಕ್ಕೆ ಸುತ್ತಿಕೊಳ್ಳುವ ಸರೊಂಗ್, ಮೇಲೊಂದು ನಡುಪಟ್ಟಿ ಕೇಳುತ್ತಾರೆ, ಬಾಗಿಲಲ್ಲೇ ಸಿಗುತ್ತದೆ.

ಅತ್ತೆಯವರ ದಿನವನ್ನು ಹೀಗೆ ಇಟ್ಟುಕೊಳ್ಳಿ. ಕ್ಯಾಲ್ಡೆರಾದ ಅಂಚಿನಲ್ಲಿ ಪೆನೆಲೋಕನ್ ಅನ್ನುವ ಜಾಗ ಇದೆ. ಎತ್ತರ ಹೆಚ್ಚುಕಡಿಮೆ ನಮ್ಮ ನಂದಿಬೆಟ್ಟದಷ್ಟೇ. ಕಾರು ಅಲ್ಲಿವರೆಗೂ ಹೋಗುತ್ತದೆ. ರಸ್ತೆ ಪಕ್ಕದಲ್ಲೇ ಉದ್ದಕ್ಕೂ ಕಾಫಿ ಅಂಗಡಿಗಳಿವೆ. ಒಂದು ಕುರ್ಚಿ ಹಿಡಿದು ಕೂತರೆ ಎದುರಿಗೆ ಬಾತೂರ್, ಬಲಗಡೆ ಕೆರೆ, ಅದರಾಚೆ ಅಬಾಂಗ್ ಬೆಟ್ಟ. ಬಾತೂರ್‌ನ ಬುಡದಲ್ಲಿ ಕರಿ ಬಣ್ಣದ ದೊಡ್ಡ ಪಟ್ಟೆಯೊಂದು ಹಸಿರನ್ನು ಸೀಳಿಕೊಂಡು ಹರಡಿರುತ್ತದೆ. ಅದೇ ಲಾವಾ. 1963, 1968, 1974ರಲ್ಲಿ ಹರಿದದ್ದು. ಅಷ್ಟು ವರ್ಷ ಮಳೆ ಸುರಿದರೂ ಬಹುಪಾಲು ಕಡೆ ಇನ್ನೂ ಮರ ಬಂದಿಲ್ಲ. ಬೆಟ್ಟದ ಮೇಲೆ ನಿಂತವರಿಗೆ ಈ ಇಡೀ ಆಕಾರ ಒಟ್ಟಿಗೆ ಕಾಣುವುದೇ ಇಲ್ಲ, ಯಾಕೆಂದರೆ ಅವರು ಅದರ ಮೇಲೇ ನಿಂತಿರುತ್ತಾರೆ. ಪೆನೆಲೋಕನ್‌ನಲ್ಲೇ ಜಿಯೋಪಾರ್ಕ್ (ಭೂವೈಜ್ಞಾನಿಕ ಮಹತ್ವಕ್ಕಾಗಿ ಕಾಪಾಡುವ ಪ್ರದೇಶ) ವಸ್ತುಸಂಗ್ರಹಾಲಯವೂ ಇದೆ. ಬಾತೂರ್‌ಗೆ 2012ರಲ್ಲಿ ಯುನೆಸ್ಕೋ ಜಾಲದ ಜಿಯೋಪಾರ್ಕ್ ಮಾನ್ಯತೆ ಸಿಕ್ಕಿದೆ. ಬೆಳಿಗ್ಗೆ ಬೇಗ ಹೋಗಬೇಕು ಅನ್ನುವುದೊಂದೇ ಷರತ್ತು. ಹೊತ್ತು ಏರಿದ ಹಾಗೆ ಮೋಡ ಬಂದು ಮುಚ್ಚಿಬಿಡುವುದು ಜಾಸ್ತಿ.

"ಅತ್ತೆಗೆ ಜೀಪ್ ಬುಕ್ ಮಾಡೋಣವಾ?" ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಬೆಟ್ಟದ ಪಕ್ಕದ ದಿಣ್ಣೆಗೆ, ಕರಿ ಲಾವಾ ಬಯಲಿಗೆ ಜೀಪುಗಳು ಓಡುತ್ತವೆ. ಕೊಡಚಾದ್ರಿಯ ಜೀಪಿನಲ್ಲಿ ಕೂತು ಬಂದ ಸೊಂಟ ಸರಿಯಾಗಿದ್ದರೆ ಇದಕ್ಕೂ ಆಗುತ್ತದೆ. ಅಲ್ಲಿಂದ ಬಂದು ಎರಡು ದಿನ ಹಾಸಿಗೆ ಹಿಡಿದಿದ್ದರೆ ಬೇಡ.

ಅಂದ ಹಾಗೆ, ನೀವು ಕೊಡಚಾದ್ರಿಗೆ ಹೋಗಿ ಬಂದದ್ದು ಕಾಲ್ನಡಿಗೆಯಲ್ಲಾ, ಜೀಪಿನಲ್ಲಾ? ನಿಮ್ಮ ಮಾತಿನಲ್ಲಿ ಅದಿಲ್ಲ. ಹಿಡ್ಲುಮನೆ ಜಲಪಾತದ ಕಡೆಯಿಂದ ನಡೆದು ಹತ್ತಿದ್ದರೆ ಬಾತೂರ್ ನಿಮ್ಮ ಮೂವರಿಗೂ ಕಷ್ಟವಲ್ಲ. ಜೀಪಿನಲ್ಲಿ ಹೋಗಿ ಸರ್ವಜ್ಞ ಪೀಠದವರೆಗೆ ಮಾತ್ರ ನಡೆದಿದ್ದರೆ, ಹೊರಡುವ ಮೊದಲು ಒಂದೆರಡು ಭಾನುವಾರ ಯಾವುದಾದರೂ ಬೆಟ್ಟವನ್ನು ಪೂರ್ತಿ ಹತ್ತಿಳಿದು ನೋಡಿ. ಇಳಿಯುವಾಗ ಮಗನ ಕಾಲು ನಡುಗುತ್ತದಾ ಅಂತ ಗಮನಿಸಿ. ಹತ್ತುವ ಉತ್ಸಾಹ ಮಕ್ಕಳಿಗೆ ಇದ್ದೇ ಇರುತ್ತದೆ, ತೊಂದರೆ ಬರುವುದು ಇಳಿಯುವಾಗ.

ಚಾರಣ ಸಾಮಾನ್ಯವಾಗಿ ಶುರುವಾಗುವುದು ಕೆರೆ ದಂಡೆಯ ತೋಯಾ ಬುಂಗ್ಕಾ ಊರಿನ ಕಡೆಯಿಂದ, ಬೆಳಗಿನ ಜಾವ ಮೂರೂವರೆ ನಾಲ್ಕಕ್ಕೆ. ಸುಮಾರು ಎರಡು ಗಂಟೆಯ ಏರು. ಅಲ್ಲಿ ಸೂರ್ಯೋದಯ ಆರು ಗಂಟೆಯ ಆಸುಪಾಸು. ಮೊದಲರ್ಧ ಹೊಲ, ಕುರುಚಲು ಗಿಡ, ಸರಿಯಾದ ದಾರಿ. ಕೊನೆಯ ಭಾಗದಲ್ಲಿ ದಾರಿ ಕಡಿದಾಗುತ್ತದೆ, ಕಾಲ ಕೆಳಗೆ ಕರಿ ಜಲ್ಲಿ ಬರುತ್ತದೆ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಬಾತೂರ್‌ನಲ್ಲಿ ಪ್ರವಾಸಿಗರಿಗೆ ದಿನನಿತ್ಯ ಆಗುವ ಪೆಟ್ಟು ಈ ಜಲ್ಲಿಯಿಂದ. ಮಂಡಿ ತರಚುವುದು, ಹಿಮ್ಮಡಿ ಉಳುಕುವುದು, ಮೇಲಿನವರು ಉರುಳಿಸಿದ ಕಲ್ಲು ಕೆಳಗಿನವರ ಕಾಲಿಗೆ ಬಡಿಯುವುದು. ಹಿಡಿತ ಇರುವ ಶೂ ಹಾಕಿ. ಫ್ಲೋಟರ್ಸ್, ಕ್ರಾಕ್ಸ್ ಬೇಡ. ತಲೆಗೆ ಕಟ್ಟುವ ಟಾರ್ಚ್ ಇರಲಿ, ಎರಡೂ ಕೈ ಖಾಲಿ ಇರಬೇಕು. ಹತ್ತುವಾಗ ಬೆವರುತ್ತೀರಿ, ಮೇಲೆ ಹೋಗಿ ನಿಂತ ಕೂಡಲೇ ಗಾಳಿಗೆ ನಡುಗುತ್ತೀರಿ. ಹತ್ತು ಹದಿನೈದು ಡಿಗ್ರಿಯ ಚಳಿಗೆ ತಕ್ಕ ಜಾಕೆಟ್, ಬೆವರಿನ ಬನಿಯನ್ ಬದಲಿಸಲು ಒಂದು ಒಣ ಬಟ್ಟೆ ಚೀಲದಲ್ಲಿರಲಿ.

ಸ್ಥಳೀಯ ಗೈಡ್ ಇಲ್ಲದೆ ಹೋಗಬೇಡಿ. ಅಲ್ಲಿ ಗೈಡ್‌ಗಳ ಸಂಘವಿದೆ, ಸ್ವಂತವಾಗಿ ಹತ್ತಲು ಹೊರಟವರನ್ನು ತಡೆಯುತ್ತಾರೆ. ಇದು ವಸೂಲಿ ಅಂತ ಸಿಟ್ಟಾಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವ ಬಿರುಕಿನಿಂದ ಹಬೆ ಎಷ್ಟು ಬರುತ್ತಿತ್ತು, ಈಗ ಎಷ್ಟು ಬರುತ್ತಿದೆ ಅಂತ ದಿನಾ ನೋಡುವ ಕಣ್ಣು ಅವರದ್ದು. ಹತ್ತಾರು ಜನರ ಗುಂಪಿಗೆ ನಿಮ್ಮನ್ನು ಸೇರಿಸದೆ ನಿಮ್ಮ ಮನೆಯವರಿಗೇ ಒಬ್ಬ ಗೈಡ್ ಬೇಕು ಅಂತ ಏಜೆಂಟರಿಗೆ ಈಗಲೇ ಹೇಳಿ. ಗುಂಪಿನಲ್ಲಿ ಹೋದರೆ ಸುಸ್ತಾದ ಮಗು ಅರ್ಧಕ್ಕೆ ಇಳಿಯಬೇಕು ಅಂದಾಗ ಕರೆದುಕೊಂಡು ಬರುವವರು ಇರುವುದಿಲ್ಲ.

ಮೇಲೆ ಏನು ಕಾಣುತ್ತದೆ? ಆಕಾಶ ತಿಳಿಯಾಗಿದ್ದರೆ ಪೂರ್ವಕ್ಕೆ ಅಬಾಂಗ್, ಅದರ ಹಿಂದೆ ಆಗುಂಗ್. ಅದೃಷ್ಟ ಇದ್ದರೆ ಸಮುದ್ರದಾಚೆ ಲೊಂಬೊಕ್ ದ್ವೀಪದ ರಿಂಜಾನಿಯ ತುದಿ. ಕಾಲ ಬುಡದಲ್ಲಿ ಅಲ್ಲಲ್ಲಿ ಬಂಡೆಯ ಸಂದಿಯಿಂದ ಹಬೆ ಏಳುತ್ತಿರುತ್ತದೆ. ಗೈಡ್‌ಗಳು ಅಂಥ ಒಂದು ಸಂದಿಯಲ್ಲಿ ಮೊಟ್ಟೆ, ಬಾಳೆಹಣ್ಣು ಇಟ್ಟು ಮೇಲೊಂದಿಷ್ಟು ಎಲೆ ಮುಚ್ಚಿ ಬೇಯಿಸಿಕೊಡುತ್ತಾರೆ. ಸಂದಿಯ ಸುತ್ತ ಕಲ್ಲು ಒದ್ದೆಯಾಗಿರುತ್ತದೆ, ಪಾಚಿ ಹಸಿರಾಗಿ ಬೆಳೆದಿರುತ್ತದೆ. ಒಂದು ಗೇಣು ಆಚೆಗೆ ಕಲ್ಲು ತಣ್ಣಗಿದ್ದರೆ, ಈಚೆಗೆ ಕೈ ಇಡಲಾಗದಷ್ಟು ಬಿಸಿ. ಮಗನಿಗೆ ಇದನ್ನು ತೋರಿಸಿ, ಮುಖ ಬಗ್ಗಿಸಲು ಬಿಡಬೇಡಿ. ಹಬೆ ಸುಟ್ಟರೆ ನೀರಿಗಿಂತ ಆಳವಾಗಿ ಸುಡುತ್ತದೆ. ಮಂಗಗಳೂ ಇವೆ. ಕೈಯಲ್ಲಿ ತಿಂಡಿ ಹಿಡಿದು ಫೋಟೋಗೆ ನಿಂತವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ಈಗ ಏಜೆಂಟರು ಹೇಳದ ಭಾಗಕ್ಕೆ ಬರುತ್ತೇನೆ.

ಜ್ವಾಲಾಮುಖಿ ಸಿಡಿಯುವ ಮೊದಲು ಸೂಚನೆ ಕೊಡುತ್ತದೆ ಅನ್ನುವುದು ಹೆಚ್ಚಿನ ಸಲ ನಿಜ. ಕರಗಿದ ಕಲ್ಲು ಮೇಲೆ ಬರಬೇಕಾದರೆ ದಾರಿಯ ಬಂಡೆಯನ್ನು ಒಡೆಯಬೇಕು. ಆಗ ಸಣ್ಣ ಸಣ್ಣ ಭೂಕಂಪಗಳಾಗುತ್ತವೆ, ಬೆಟ್ಟದ ಮೈ ಉಬ್ಬುತ್ತದೆ, ಅನಿಲ ಜಾಸ್ತಿ ಬರುತ್ತದೆ. ಇದನ್ನೆಲ್ಲ ಯಂತ್ರಗಳು ಅಳೆಯುತ್ತವೆ. ಬಾಲಿಯಲ್ಲೇ ಉದಾಹರಣೆ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಆಗುಂಗ್ ನಡುಗಲು ಶುರುವಾದಾಗ ಎಚ್ಚರಿಕೆಯನ್ನು ಕೊನೆಯ ಮಟ್ಟಕ್ಕೆ ಏರಿಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತೆರವು ಮಾಡಿಸಿದರು. ಬೆಟ್ಟ ಬೂದಿ ಉಗುಳಿದ್ದು ನವೆಂಬರ್‌ನಲ್ಲಿ. ಅದೇ ಆಗುಂಗ್ 1963ರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತ್ತು.

ಆದರೆ ಇನ್ನೊಂದು ಜಾತಿಯ ಸ್ಫೋಟ ಇದೆ. ಅದಕ್ಕೆ ಕರಗಿದ ಕಲ್ಲು ಮೇಲೆ ಬರಬೇಕಾಗಿಲ್ಲ. ಬಾಯಿಯ ಕೆಳಗಿನ ಅಂತರ್ಜಲ ಕಾಯುತ್ತಾ ಹೋಗಿ, ಮೇಲಿನ ಸಂದಿಗಳು ಮಣ್ಣು ಖನಿಜ ತುಂಬಿ ಮುಚ್ಚಿಕೊಂಡಾಗ, ಸೀಟಿ ಕಟ್ಟಿದ ಕುಕ್ಕರ್‌ನ ಪರಿಸ್ಥಿತಿ ಆಗುತ್ತದೆ. ಒಮ್ಮೆ ಬಾಯಿ ಬಿಟ್ಟರೆ ನೀರು ಕ್ಷಣದಲ್ಲಿ ಹಬೆಯಾಗಿ ನೂರಾರು ಪಟ್ಟು ಹಿಗ್ಗುತ್ತದೆ, ಬಂಡೆಗಳನ್ನು ಎಸೆಯುತ್ತದೆ. ಇದಕ್ಕೆ ಸೂಚನೆ ಕೆಲವೊಮ್ಮೆ ನಿಮಿಷಗಳ ಮುಂಚೆ ಸಿಗುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಜಪಾನಿನ ಒಂಟಾಕೆ ಬೆಟ್ಟದಲ್ಲಿ 2014ರ ಸೆಪ್ಟೆಂಬರ್ 27ರಂದು ಆದದ್ದು ಇದೇ. ಶನಿವಾರ, ಹೊತ್ತು ನಡುಹಗಲಿನ ಹತ್ತಿರ, ಒಳ್ಳೆಯ ಬಿಸಿಲು, ತುದಿಯಲ್ಲಿ ಜನ ಊಟಕ್ಕೆ ಕೂತಿದ್ದರು. ಎಚ್ಚರಿಕೆಯ ಮಟ್ಟ ಅವತ್ತು 1, ಅಂದರೆ ಅತಿ ಕಡಿಮೆ. ಸತ್ತವರು, ಕಾಣೆಯಾದವರು ಸೇರಿ 63 ಜನ. ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ರಂದು 47 ಜನ ಇದ್ದರು, 22 ಜನ ಸತ್ತರು. ಸುಮಾತ್ರಾದ ಮರಾಪಿಯಲ್ಲಿ 2023ರ ಡಿಸೆಂಬರ್ 3ರ ಸ್ಫೋಟಕ್ಕೆ 24 ಚಾರಣಿಗರು ಸತ್ತರು. ಅಲ್ಲಿ ಬಾಯಿಯಿಂದ 3 ಕಿಲೋಮೀಟರ್ ಒಳಗೆ ಹೋಗಬೇಡಿ ಅಂತ ವಿಜ್ಞಾನಿಗಳು ಮೊದಲೇ ಹೇಳಿದ್ದರು, ಆದರೂ ಚಾರಣ ನಡೆದಿತ್ತು. (ಜಾವಾದಲ್ಲಿ ಮೆರಾಪಿ ಅಂತ ಇನ್ನೊಂದಿದೆ. ಸುದ್ದಿ ಓದುವಾಗ ಗೊಂದಲವಾದೀತು.)

ಹೆದರಿಸಲು ಇದನ್ನು ಹೇಳುತ್ತಿಲ್ಲ. ಈ ಮೂರರಲ್ಲೂ ಪ್ರಾಣ ಹೋದದ್ದು ಬಾಯಿಯ ಸಮೀಪ ಇದ್ದವರದ್ದು. ಅದೇ ಬೆಟ್ಟವನ್ನು ಕೆಲವು ಕಿಲೋಮೀಟರ್ ದೂರದಿಂದ ನೋಡುತ್ತಿದ್ದವರಿಗೆ ಅದು ಬರೀ ಒಂದು ದೊಡ್ಡ ಮೋಡ. ಬಾತೂರ್‌ನ ಈಚಿನ ಲಾವಾಗಳು ಹೊರಬಿದ್ದದ್ದು ಪಶ್ಚಿಮ, ನೈಋತ್ಯದ ಬದಿಯ ಬಾಯಿಗಳಿಂದ. ಸೂರ್ಯೋದಯ ನೋಡುವ ಜಾಗದಿಂದ ಕೆಲವರು ಗೈಡನ್ನು ಪುಸಲಾಯಿಸಿ ಆ ಕಡೆಗೂ ಒಂದು ಸುತ್ತು ಹಾಕುತ್ತಾರೆ. ಹನ್ನೊಂದರ ಹುಡುಗನನ್ನು ಕರೆದುಕೊಂಡು ಅದು ಬೇಕಿಲ್ಲ. ಹೋಗಿ, ಸೂರ್ಯ ಹುಟ್ಟುವುದನ್ನು ನೋಡಿ, ಮೊಟ್ಟೆ ತಿಂದು, ಇಳಿದುಬಿಡಿ. ಮೇಲೆ ಒಂದು ಗಂಟೆ ಸಾಕು.

ಇವತ್ತು ಬೆಟ್ಟ ಏನು ಮಾಡುತ್ತಿದೆ ಅಂತ ತಿಳಿಯಲು ಇಂಡೋನೇಷ್ಯಾದ ಜ್ವಾಲಾಮುಖಿ ಕೇಂದ್ರ ನಡೆಸುವ ಮ್ಯಾಗ್ಮಾ ಇಂಡೋನೇಷ್ಯಾ ಅನ್ನುವ ಜಾಲತಾಣ ನೋಡಿ. ಆ ದೇಶದಲ್ಲಿ 127 ಜೀವಂತ ಜ್ವಾಲಾಮುಖಿಗಳ ಪಟ್ಟಿ ಇದೆ. ಎಚ್ಚರಿಕೆಯ ಮಟ್ಟ ನಾಲ್ಕು: ಮೊದಲನೆಯದು ನಾರ್ಮಲ್, ಎರಡು ವಸ್ಪಾದ, ಮೂರು ಸಿಯಾಗಾ, ನಾಲ್ಕು ಅವಾಸ್. ಬಾತೂರ್ ಹೆಸರಿನ ಮುಂದೆ ಒಂದು ಇದ್ದರೆ ಹೊರಡಿ. ಎರಡು ಇದ್ದರೆ ನಾನಾದರೆ ಮಗನನ್ನು ಕರೆದುಕೊಂಡು ಹೋಗುವುದಿಲ್ಲ, ಎಲ್ಲರೂ ಪೆನೆಲೋಕನ್‌ನಲ್ಲಿ ಕಾಫಿ ಕುಡಿಯುತ್ತೇವೆ. ಮೂರು, ನಾಲ್ಕಕ್ಕೆ ಪ್ರಶ್ನೆಯೇ ಇಲ್ಲ. ಮಟ್ಟದ ಜೊತೆಗೆ "ಬಾಯಿಯಿಂದ ಇಷ್ಟು ದೂರ ಇರಿ" ಅನ್ನುವ ಸಾಲು ಇರುತ್ತದೆ. ಮರಾಪಿಯಲ್ಲಿ ಮೀರಿದ್ದು ಅದೇ ಸಾಲನ್ನು. ಚಾರಣದ ಹಿಂದಿನ ಸಂಜೆ ಒಮ್ಮೆ ನೋಡಿದರೆ ಸಾಕು, ಫೋನಿನಲ್ಲೇ ಅನುವಾದ ಆಗುತ್ತದೆ.

ಅಕಸ್ಮಾತ್ ಮೇಲಿರುವಾಗಲೇ ಶಬ್ದ ಕೇಳಿ ಕಲ್ಲು ಬೀಳಲು ಶುರುವಾದರೆ? ಮೊಬೈಲ್ ಎತ್ತಬೇಡಿ. ಬೆನ್ನಿನ ಚೀಲವನ್ನು ತಲೆಯ ಮೇಲಿಟ್ಟುಕೊಂಡು ದೊಡ್ಡ ಬಂಡೆಯ ಮರೆಗೆ ಸೇರಿ. ಕಲ್ಲಿನ ಮಳೆ ನಿಂತ ಮೇಲೆ ಏಣಿನ ಮೇಲಿಂದಲೇ ಇಳಿಯಿರಿ, ಕಣಿವೆಗೆ ಇಳಿಯಬೇಡಿ. ಬಿಸಿ ಬೂದಿ, ಕೆಸರು, ಅನಿಲ ಎಲ್ಲ ಹರಿಯುವುದು ತಗ್ಗಿನ ಕಡೆಗೇ.

ನಿಮ್ಮ ಅಸ್ತಮಾದ ವಿಷಯ. ಜ್ವಾಲಾಮುಖಿಯ ಅನಿಲದಲ್ಲಿ ಬಹುಪಾಲು ನೀರಿನ ಹಬೆಯೇ. ಉಳಿದದ್ದರಲ್ಲಿ ನಿಮಗೆ ಶತ್ರು ಸಲ್ಫರ್ ಡೈಆಕ್ಸೈಡ್. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಚುಚ್ಚುವ ವಾಸನೆ ಇದೆಯಲ್ಲ, ಅದು. ಆರೋಗ್ಯವಂತರಿಗೆ ಬರೀ ಕೆಮ್ಮು ಬರಿಸುವ ಮಟ್ಟಕ್ಕಿಂತ ತುಂಬಾ ಕಡಿಮೆ ಇದ್ದರೂ ಅಸ್ತಮಾ ಇರುವವರ ಶ್ವಾಸನಾಳ ಕೆಲವೇ ನಿಮಿಷದಲ್ಲಿ ಬಿಗಿಯುತ್ತದೆ. ಏರು ಹತ್ತುತ್ತಾ ಬಾಯಲ್ಲಿ ಉಸಿರಾಡುವಾಗ ಇನ್ನೂ ಬೇಗ. ಎರಡನೆಯದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆ. ಅದು ಅತಿಯಾದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಹಾಗಾಗಿ ವಾಸನೆ ನಿಂತಿತು ಅಂದರೆ ಅಪಾಯ ಹೋಯಿತು ಅಂತಲ್ಲ. ಮೂರನೆಯದು ಕಾರ್ಬನ್ ಡೈಆಕ್ಸೈಡ್. ವಾಸನೆಯೇ ಇಲ್ಲ, ಗಾಳಿಗಿಂತ ಭಾರ, ತಗ್ಗಿನಲ್ಲಿ ಬಂದು ಕೂರುತ್ತದೆ. ಹೊಂಡಕ್ಕಿಳಿದು ಫೋಟೋ ತೆಗೆಸಿಕೊಳ್ಳಬೇಡಿ ಅನ್ನುವುದು ಇದಕ್ಕೇ. ಕೋವಿಡ್ ಕಾಲದ ಮಾಸ್ಕ್, ಎನ್95 ಸೇರಿ, ಬೂದಿಯ ಪುಡಿಯನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಅನಿಲಕ್ಕೆ ಬೇರೆಯೇ ಫಿಲ್ಟರ್ ಡಬ್ಬಿ ಇರುವ ಮಾಸ್ಕ್ ಬೇಕು.

ಬಾತೂರ್‌ನ ತುದಿಯಲ್ಲಿ ಸಾಮಾನ್ಯ ದಿನಗಳಲ್ಲಿ ಏಳುವುದು ಹೆಚ್ಚಾಗಿ ಹಬೆ. ಆದ್ದರಿಂದ ನಿಮ್ಮ ವೈದ್ಯರನ್ನು ಒಮ್ಮೆ ಕೇಳಿ, ಇನ್‌ಹೇಲರನ್ನು ಚೀಲದ ತಳದಲ್ಲಿ ಹಾಕದೆ ಜೇಬಿನಲ್ಲಿಟ್ಟುಕೊಂಡು ಹತ್ತಬಹುದು. ಎದೆ ಬಿಗಿ ಅನ್ನಿಸಿದ ಕೂಡಲೇ ತಿರುಗಿ. ಮನೆಯವರ ಮುಖ ನೋಡಿ ಮುಂದುವರಿಯಬೇಡಿ.

ಇಜೆನ್ ಬೇರೆ ಲೆಕ್ಕ. ಅದು ಬಾಲಿಯಲ್ಲಿಲ್ಲ, ಪಕ್ಕದ ಜಾವಾ ದ್ವೀಪದ ಪೂರ್ವ ತುದಿಯಲ್ಲಿದೆ. ದಕ್ಷಿಣ ಬಾಲಿಯಿಂದ ರಾತ್ರಿ ಹೊರಟು, ಗಿಲಿಮನುಕ್‌ನಲ್ಲಿ ದೋಣಿ ಹಿಡಿದು ದಾಟಿ, ಮತ್ತೆ ಕಾರಿನಲ್ಲಿ ಹೋಗಿ, ಕತ್ತಲಲ್ಲೇ 3 ಕಿಲೋಮೀಟರ್ ಏರಬೇಕು. ಆಮೇಲೆ ನೀಲಿ ಬೆಂಕಿ ನೋಡಲು ಕುಳಿಯ ಒಳಕ್ಕೆ ಇಳಿಯಬೇಕು. ನೀಲಿ ಬೆಂಕಿ ಲಾವಾ ಅಲ್ಲ. ಬಿರುಕಿನಿಂದ ಬಿಸಿಯಾಗಿ ಬರುವ ಗಂಧಕದ ಅನಿಲ ಗಾಳಿಗೆ ಸೋಕಿ ಹೊತ್ತಿ ಉರಿಯುವುದು. ಗಂಧಕ ಉರಿದರೆ ಆಗುವುದೇನು? ಅದೇ ಸಲ್ಫರ್ ಡೈಆಕ್ಸೈಡ್. ಅಂದರೆ ಆ ನೋಟವೂ ನಿಮ್ಮ ಉಸಿರಿನ ಶತ್ರುವೂ ಒಂದೇ ಕಡೆ ಹುಟ್ಟುತ್ತವೆ. ಗಾಳಿ ತಿರುಗಿದರೆ ಇಡೀ ಇಳಿಜಾರು ಬಿಳಿ ಹೊಗೆಯಲ್ಲಿ ಮುಳುಗುತ್ತದೆ. ಅದೇ ಕಿರಿದಾದ ದಾರಿಯಲ್ಲಿ ಗಂಧಕದ ಕೂಲಿಗಳು 70–80 ಕಿಲೋ ಹೊರೆ ಹೊತ್ತು ಹತ್ತಿ ಬರುತ್ತಾರೆ, ಎಷ್ಟೋ ಜನರ ಮೂಗಿಗೆ ಒಂದು ಒದ್ದೆ ಬಟ್ಟೆ ಮಾತ್ರ. ಕೆಳಗಿರುವ ಹಸಿರು–ನೀಲಿ ಕೆರೆಯ ನೀರು ಬ್ಯಾಟರಿ ಆಸಿಡ್‌ಗೆ ಹತ್ತಿರದ್ದು. 2018ರ ಮಾರ್ಚ್‌ನಲ್ಲಿ ಆ ಕೆರೆಯಿಂದ ಅನಿಲ ನುಗ್ಗಿ ಕೆಳಗಿನ ಊರಿನವರು ಆಸ್ಪತ್ರೆ ಸೇರಿದ್ದರು. 2024ರಲ್ಲಿ ಅಂಚಿನಲ್ಲಿ ಫೋಟೋಗೆ ನಿಂತ ಪ್ರವಾಸಿಯೊಬ್ಬರು ಬಿದ್ದು ಸತ್ತರು. ಅಸ್ತಮಾ ಇರುವವರನ್ನು, ನಿದ್ದೆಗೆಟ್ಟ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಏಜೆಂಟರು ಒಪ್ಪುತ್ತಾರೆ ಅನ್ನುವುದೇ ನನಗೆ ಆಶ್ಚರ್ಯ.

ಜಾವಾ ನೋಡುವ ಆಸೆ ಇದ್ದರೆ ಇನ್ನೊಂದು ಪ್ರವಾಸಕ್ಕೆ ಬ್ರೋಮೋ ಇಟ್ಟುಕೊಳ್ಳಿ. ಎದುರಿನ ಎತ್ತರದ ಜಾಗಕ್ಕೆ ಜೀಪ್ ಹೋಗುತ್ತದೆ, ಅತ್ತೆಯವರೂ ನೋಡಬಹುದು. ಅಲ್ಲಿನ ತೆಂಗ್ಗರ್ ಜನ ಹಿಂದೂಗಳು. ಹೊಗೆಯಾಡುವ ಬಾಯಿಯ ಅಂಚಿನಲ್ಲೇ ಗಣಪತಿಯ ಮೂರ್ತಿ ಇದೆ.

ಮಗನ ಕೆಂಪು ಲಾವಾ ಆಸೆಗೆ ಹೇಳುವುದಾದರೆ, ಅದನ್ನು ನೋಡಲು ಹವಾಯಿಯ ಕಿಲವೇಯಾ, ಇಟಲಿಯ ಸ್ಟ್ರೊಂಬೊಲಿ, ವನುವಾಟುವಿನ ಯಾಸುರ್ ಥರದ ಕಡೆ ಹೋಗಬೇಕು, ಅಲ್ಲೂ ಬೆಟ್ಟದ ಮರ್ಜಿ. ನಮ್ಮ ದೇಶದಲ್ಲೂ ಒಂದು ಜೀವಂತ ಜ್ವಾಲಾಮುಖಿ ಇದೆ. ಅಂಡಮಾನಿನ ಬ್ಯಾರನ್ ದ್ವೀಪ, ಪೋರ್ಟ್ ಬ್ಲೇರ್‌ನಿಂದ (ಈಗಿನ ಶ್ರೀ ವಿಜಯ ಪುರಂ) ಸುಮಾರು 140 ಕಿಲೋಮೀಟರ್. ದಡಕ್ಕೆ ಇಳಿಯಲು ಪ್ರವಾಸಿಗರಿಗೆ ಬಿಡುವುದಿಲ್ಲ.

ಇನ್ನು ದಿನಗಳ ಹೊಂದಾಣಿಕೆ. ಇದನ್ನು ಯಾರೂ ಹೇಳುವುದಿಲ್ಲ, ಪ್ರವಾಸ ಕೆಡುವುದು ಮಾತ್ರ ಇಲ್ಲೇ. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಸಮುದ್ರ ತೀರದ ಹೋಟೆಲಿನಿಂದ ರಾತ್ರಿ 2ಕ್ಕೆ ಕಾರು ಹತ್ತಿಸುತ್ತಾರೆ, ಅಂದರೆ ನಿಮ್ಮ ದೇಹಕ್ಕೆ ಅದು ಹನ್ನೊಂದೂವರೆ. ಹೋದ ಮರುದಿನವೇ ಚಾರಣ ಇಟ್ಟರೆ ನಿದ್ದೆಯೇ ಇಲ್ಲದೆ ಹತ್ತುತ್ತೀರಿ. ಎರಡು ಮೂರು ದಿನ ಕಳೆಯಲಿ. ಹಿಂದಿನ ರಾತ್ರಿ ಕೆರೆ ದಂಡೆಯಲ್ಲೋ ಕ್ಯಾಲ್ಡೆರಾದ ಅಂಚಿನ ಕಿಂತಾಮಣಿಯಲ್ಲೋ ಉಳಿಯಿರಿ. ಮೂರಕ್ಕೆ ಎದ್ದರೆ ಸಾಕು, ಮತ್ತು ನಿದ್ದೆಗಣ್ಣಿನ ಡ್ರೈವರ್ ಜೊತೆ ತಿರುವು ರಸ್ತೆಯಲ್ಲಿ ಎರಡು ಗಂಟೆ ಹೋಗುವುದು ತಪ್ಪುತ್ತದೆ. ಬೆಟ್ಟಕ್ಕಿಂತ ಆ ರಸ್ತೆಯ ಬಗ್ಗೆಯೇ ನನಗೆ ಜಾಸ್ತಿ ಚಿಂತೆ. ಚಾರಣ ಮುಗಿಸಿ ತೋಯಾ ಬುಂಗ್ಕಾದ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂರುವುದಕ್ಕೂ ಸಮಯ ಸಿಗುತ್ತದೆ.

ವಾಪಸ್ ವಿಮಾನದ ಮರುದಿನವೇ ಶಾಲೆಯೋ ಆಫೀಸೋ ಇದ್ದರೆ ಒಂದು ದಿನ ಹಿಂದಕ್ಕೆ ಎಳೆಯಿರಿ. ಬಾತೂರ್ ಸುಮ್ಮನಿದ್ದರೂ ಬೇರೆ ಬೆಟ್ಟಗಳು ಸುಮ್ಮನಿರುವುದಿಲ್ಲ. 2024ರ ನವೆಂಬರ್‌ನಲ್ಲಿ, ಮತ್ತೆ 2025ರ ಜೂನ್, ಜುಲೈನಲ್ಲಿ ಪೂರ್ವದ ಫ್ಲೋರೆಸ್ ದ್ವೀಪದ ಲೆವೊತೊಬಿ ಉಗುಳಿದ ಬೂದಿಯಿಂದ ಬಾಲಿಯ ವಿಮಾನಗಳು ರದ್ದಾದವು. ಜೂನ್‌ನಲ್ಲಿ ದೆಹಲಿಯಿಂದ ಬಾಲಿಗೆ ಹೊರಟ ವಿಮಾನವೊಂದು ಅರ್ಧ ದಾರಿಯಿಂದ ವಾಪಸ್ ಬಂತು. ಬೂದಿ ಅಂದರೆ ಒಲೆಯ ಬೂದಿಯಲ್ಲ, ಕಲ್ಲು ಮತ್ತು ಗಾಜಿನ ನುಣ್ಣನೆ ಪುಡಿ. ಎಂಜಿನ್ ಒಳಗಿನ ಶಾಖಕ್ಕೆ ಕರಗಿ ಬ್ಲೇಡುಗಳಿಗೆ ಅಂಟಿಕೊಳ್ಳುತ್ತದೆ. 1982ರಲ್ಲಿ ಜಾವಾದ ಗಲುಂಗುಂಗ್ ಬೂದಿಗೆ ಸಿಕ್ಕ ಬ್ರಿಟಿಷ್ ಏರ್‌ವೇಸ್ ಜಂಬೋ ವಿಮಾನದ ನಾಲ್ಕೂ ಎಂಜಿನ್ ನಿಂತುಹೋಗಿದ್ದವು. ಕೆಳಗಿಳಿದ ಮೇಲೆ ಮತ್ತೆ ಶುರುವಾಗಿ ಜಕಾರ್ತಾದಲ್ಲಿ ಇಳಿಯಿತು. ಹಾಗಾಗಿ ವಿಮಾನ ರದ್ದಾದರೆ ಕೌಂಟರಿನಲ್ಲಿ ಕೂಗಾಡಿ ಪ್ರಯೋಜನವಿಲ್ಲ. ಪ್ರವಾಸದ ವಿಮೆ ಟಿಕೆಟ್ ಜೊತೆಗೇ ಮಾಡಿಸಿ. ಬೆಟ್ಟ ಉಗುಳಲು ಶುರುಮಾಡಿದ ಸುದ್ದಿ ಬಂದ ಮೇಲೆ ಮಾಡಿಸಿದ ವಿಮೆ ಸಾಮಾನ್ಯವಾಗಿ ಆ ನಷ್ಟಕ್ಕೆ ಅನ್ವಯಿಸುವುದಿಲ್ಲ. ಚಾರಣದಲ್ಲಿ ಆದ ಪೆಟ್ಟಿಗೆ ಹಣ ಕೊಡುತ್ತಾರಾ ಅನ್ನುವುದನ್ನೂ ಸಣ್ಣ ಅಕ್ಷರದಲ್ಲಿ ಹುಡುಕಿ.

ಕೊನೆಗೆ ಲಾವಾ ಕಲ್ಲು. ಜಿಯೋಪಾರ್ಕ್‌ನಿಂದ ಕಲ್ಲು ತರಬೇಡಿ, ದಿನಾ ನೂರಾರು ಜನ ಒಂದೊಂದು ತಂದರೆ ಉಳಿಯುವುದೇನು? ಅಲ್ಲೇ ಒಂದನ್ನು ಮಗನ ಕೈಗೆ ಕೊಡಿ. ಗಾತ್ರ ನೋಡಿ ಅಂದುಕೊಂಡಷ್ಟು ಭಾರ ಇರುವುದಿಲ್ಲ. ಮೈತುಂಬ ಸಣ್ಣ ತೂತು. ಕರಗಿದ ಕಲ್ಲಿನೊಳಗಿದ್ದ ಅನಿಲ ಗುಳ್ಳೆಯಾಗಿ ಹೊರಡುವಾಗ ಸುತ್ತಲಿನ ಕಲ್ಲು ಗಟ್ಟಿಯಾದದ್ದರ ಗುರುತು ಅದು. ನೋಡಿ, ವಾಪಸ್ ಇಟ್ಟು ಬನ್ನಿ.

ಲಾವಾ ಮುಟ್ಟಲು ವಿಮಾನ ಹತ್ತಲೇಬೇಕು ಅಂತಲೂ ಇಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್‌ನಲ್ಲಿ ಹರಿದ ಲಾವಾವೇ. ನಿಮಗೆ ಹತ್ತಿರದ್ದು ಮಲ್ಪೆ. ಅಲ್ಲಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಬಂಡೆಗಳು ಐದು ಆರು ಮೂಲೆಯ ಕಂಬಗಳಾಗಿ ನಿಂತಿವೆ. ಲಾವಾ ತಣ್ಣಗಾಗುತ್ತಾ ಕುಗ್ಗಿ ಬಿರಿದದ್ದು ಹಾಗೆ. ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಅಲ್ಲೂ ಕಲ್ಲು ಕೀಳುವಂತಿಲ್ಲ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಬಾಲಿಯಿಂದ ಬಂದ ಮೇಲೆ ನವೆಂಬರ್, ಡಿಸೆಂಬರ್‌ನ ಒಂದು ಶನಿವಾರ ಹೋಗಿ ಬನ್ನಿ, ಅತ್ತೆಯವರೂ ಬರಬಹುದು. ಬಂಡೆಗಳ ಮೇಲೆ ಪಾಚಿ ಜಾರುತ್ತದೆ, ಚಪ್ಪಲಿ ಗಟ್ಟಿ ಇರಲಿ.